ಕಮಲಾಪುರದ ಹಿಂದಿನ ಬೆಂಚು

ಹೋದ ತಿಂಗಳು ಮೊಮ್ಮಗಳನ್ನು ರೈಲು ಹತ್ತಿಸಿ ಸ್ಟೇಶನ್ ಬಜಾರದ ಕಡೆ ಬಂದೆ. ಆಟೋ ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ತಳ್ಳುಗಾಡಿ, ಅದರ ತುಂಬ ಕೆಂಪು ಬಾಳೆಹಣ್ಣು. ಗಾಡಿಯವನು ಬಾಯಿ ಬಿಡುವ ಮೊದಲೇ ನನ್ನ ಮೂಗು ಹೇಳಿತು, ಇದು ಕಮಲಾಪುರದ್ದು ಅಂತ. ಆಟೋದವನು "ಎಲ್ಲಿಗ್ರೀ ಅಮ್ಮಾರ?" ಎಂದು ಕೇಳಿದಾಗ ಮನೆಯ ವಿಳಾಸದ ಬದಲು ಬಾಯಿಗೆ ಬಂದದ್ದು "ಕಮಲಾಪುರ". ಅವನು ನಕ್ಕುಬಿಟ್ಟ. "ಅಷ್ಟು ದೂರ ಆಟೋ ಹೋಗಂಗಿಲ್ರೀ. ಬೇಕಾದ್ರ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ." ಬೇಡಪ್ಪಾ ಎಂದು ಹಣ್ಣು ಕೊಂಡು ಮನೆಗೆ ಬಂದೆ. ಆದರೆ ಮನಸ್ಸು ಮಾತ್ರ ಬಸ್ಸು ಹತ್ತಿ ಹೋಗಿಬಿಟ್ಟಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೋರ್ಡಿನ ಮೇಲೆ ನಮ್ಮ ಊರು ಗುಲಬರ್ಗಾ, ಬಾಯಲ್ಲಿ ಯಾವತ್ತಿನ ಹಾಗೆ ಕಲಬುರ್ಗಿ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿಕೊಂಡು ಹಾಯಾಗಿದ್ದ ನನ್ನನ್ನು ಬಡ್ತಿ ಕೊಟ್ಟು ಕಮಲಾಪುರದ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ ಮಾಡಿ ಕಳಿಸಿದರು. ಜೂನ್ ತಿಂಗಳು. ಮೊದಲ ಮಳೆ ಬಿದ್ದು ಎರೆಮಣ್ಣು ಹದವಾಗಿತ್ತು, ಹುಮನಾಬಾದ್ ರಸ್ತೆಯ ಎರಡೂ ಕಡೆ ತೊಗರಿ ಬಿತ್ತನೆ ನಡೆದಿತ್ತು. ಬಸ್ಸಿಳಿದು ಶಾಲೆ ಮುಟ್ಟುವಷ್ಟರಲ್ಲಿ ಚಪ್ಪಲಿಗೆ ಮೆತ್ತಿದ ಮಣ್ಣಿನಿಂದ ನಾನು ಒಂದು ಗೇಣು ಎತ್ತರವಾಗಿದ್ದೆ. ಹೊಸ ಹುದ್ದೆಗೆ ತಕ್ಕ ಎತ್ತರವೇ ಬಂತೆಂದು ನನ್ನಷ್ಟಕ್ಕೆ ನಕ್ಕೆ.

ನನ್ನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡಬೇಕು. ತಪ್ಪು ಕಂಡರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮದುವೆಯ ಕಾರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಬೀಗರ ಎದುರಿಗೇ ತಿದ್ದಿದವಳು ನಾನು. ನನ್ನ ಯಜಮಾನರು "ನಿನಗ ಶಾಲಿ ಕೊಟ್ಟಾರೋ, ಶಾಲಿಗೆ ನಿನ್ನ ಕೊಟ್ಟಾರೋ, ಆ ಮಾಸ್ತರ ಮಂದಿ ಪಾಡು ದೇವರಿಗೇ ಗೊತ್ತು" ಎಂದು ಕಾಡಿಸಿ ಕಳಿಸಿದ್ದರು.

ನಾನು ಹೋದ ವಾರದಲ್ಲೇ ಶಾಲಾ ಕಮಿಟಿಯ ಅಧ್ಯಕ್ಷ ಗುರುಬಸಪ್ಪನವರು ಬಂದು ಕುಳಿತರು. ಊರಲ್ಲಿ ಬಾಳೆತೋಟ, ಕಲಬುರ್ಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಬೇಳೆಯ ಅಡತಿ ಅಂಗಡಿ. ಬಿಳಿ ಧೋತರ, ಗಟ್ಟಿ ದನಿ. ಸುತ್ತುಬಳಸಿ ಮಾತಾಡುವವರಲ್ಲ. ನಮ್ಮ ಕಡೆ ಟೀಚರಮ್ಮನಿಗೆ ಬಾಯಿ, ಬಾಯಾರ ಅನ್ನುವುದು ವಾಡಿಕೆ.

"ಬಾಯಾರ, ನಿಮ್ಮ ಗಣಿತದ ಶರಣಪ್ಪ ಮಾಸ್ತರಗ ಎತ್ತಂಗಡಿ ಮಾಡಸ್ಬೇಕಂತ ನಾ ಅರ್ಜಿ ಕೊಟ್ಟೀನಿ. ಚಿಂಚೋಳಿ ಕಡೆ ಗಡಿ ಹಳ್ಳಿಗೆ ಕಳಸಲಿ. ಮಾತೃಕೆ, ಅದೇ ಮ್ಯಾಟ್ರಿಕ್ಸ್ ಅಂತ ಒಂದು ಪಾಠ ಅದ ಅಂತಲ್ಲ, ಅದನ್ನ ಆತ ವರ್ಷಾ ವರ್ಷಾ ಬಿಟ್ಟೇ ಬಿಡ್ತಾನ. ಪರೀಕ್ಷಾದಾಗ ಅದೇ ಬಂತು. ನನ್ನ ಮಗಳು ಸುವರ್ಣ ಗಣಿತ ಒಂದರಾಗೇ ಫೇಲಾಗಿ ಮನ್ಯಾಗ ಕೂತಾಳ. ಕಾಲೇಜಿಗೆ ಹೋಗ್ತೀನಂದಾಕಿ ಈಗ ಯಾರ ಜೋಡೀನೂ ಮಾತಾಡವಲ್ಲಳು." ಕೊನೆಯ ಮಾತಿಗೆ ಅವರ ಗಟ್ಟಿ ದನಿ ಸ್ವಲ್ಪ ಇಳಿಯಿತು. "ಶಿಕ್ಷಣ ಇಲಾಖೆ ಸಾಹೇಬರು ನಿಮ್ಮ ಅಭಿಪ್ರಾಯ ಕೇಳ್ತಾರ. ಕಂಡದ್ದ ಕಂಡಂಗ ಹೇಳ್ರಿ."

ಅವರು ಹೋದ ಮೇಲೆ ಜವಾನ ಖಾಜಾಮಿಯಾ ಚಹಾ ತಂದಿಟ್ಟು ತಾನಾಗಿಯೇ ಹೇಳಿದ. ಮಾಸ್ತರರ ಹೆಂಡತಿಗೆ ಲಕ್ವಾ ಹೊಡೆದು ಕೈಕಾಲು ಬಿದ್ದು ಹಾಸಿಗೆ ಹಿಡಿದಿದ್ದಾರೆ. ಮಕ್ಕಳಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಮಾಸ್ತರರು ಶಾಲೆಯ ಹಿಂದಿನ ಓಣಿಯಲ್ಲಿರುವ ಮನೆಗೆ ಓಡಿ, ಆಕೆಗೆ ಉಣಿಸಿ, ಮತ್ತೆ ಓಡಿ ಬರುತ್ತಾರೆ. "ಚಿಂಚೋಳಿಗೆ ಹೋದ್ರ ಆ ಅವ್ವಗ ತುತ್ತು ಯಾರು ಹಾಕ್ತಾರ್ರೀ?" ಎಂದ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದ ಮನುಷ್ಯ. ಒಂದು ಕಡೆ ಮೂಲೆ ಹಿಡಿದ ಮಗಳು, ಇನ್ನೊಂದು ಕಡೆ ಹಾಸಿಗೆ ಹಿಡಿದ ಹೆಂಡತಿ. ನಡುವೆ ನನ್ನ ಅಭಿಪ್ರಾಯ. ನನಗೋ ಗಣಿತವೆಂದರೆ ಇವತ್ತಿಗೂ ಅಷ್ಟಕ್ಕಷ್ಟೇ.

ತರಗತಿಯಲ್ಲಿ ಕೂತು ನೋಡುವುದೆಂದು ನಿಶ್ಚಯಿಸಿದೆ. ಆದರೆ ಹೇಗೆ ನೋಡಬಾರದು ಅನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೊಸ ಟೀಚರ್ ಆಗಿದ್ದಾಗ ಇನ್‌ಸ್ಪೆಕ್ಟರ್ ಒಬ್ಬರು ಬಂದು ನನ್ನ ಕುರ್ಚಿಯಲ್ಲಿ ಕೂತು, ಇಡೀ ಪಾಠ ಕೇಳಿ, ಕೊನೆಗೆ "ಹೂಂ" ಎಂದು ಎದ್ದು ಹೋಗಿದ್ದರು. ಆ ಒಂದು ಹೂಂ ಏನೆಂದು ಅರ್ಥವಾಗದೆ ತಿಂಗಳುಗಟ್ಟಲೆ ಒದ್ದಾಡಿದ್ದೆ. ನನ್ನ ಬಾಯಿಂದ ಹೂಂ ಬರಬಾರದು, ಛಲೋ ಎಂದೂ ಬರಬಾರದು, ಛೀ ಎಂದೂ ಬರಬಾರದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಅಷ್ಟನ್ನೇ ಹೇಳುವುದು. ನನ್ನಂಥವಳಿಗೆ ಇದು ಉಪವಾಸಕ್ಕಿಂತ ಕಷ್ಟದ ವ್ರತ.

ಮೊದಲ ದಿನ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತಾಗ ಮಕ್ಕಳೆಲ್ಲ ದಡಬಡ ಎದ್ದರು. ಶರಣಪ್ಪ ಮಾಸ್ತರರು ತಮ್ಮ ಕುರ್ಚಿಯನ್ನು ಅಂಗವಸ್ತ್ರದಿಂದ ಒರೆಸಿ "ಬರ್ರಿ ಬಾಯಾರ" ಎಂದು ಮುಂದೆ ಮಾಡಿದರು. ತೆಳ್ಳಗಿನ ಎತ್ತರದ ಆಳು, ತಲೆಯ ಮೇಲೆ ಗಾಂಧಿ ಟೋಪಿ. ನಾನು ಕುರ್ಚಿಯನ್ನು ಅಲ್ಲೇ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಹುಡುಗಿಯರ ನಡುವೆ ಕುಳಿತೆ. ಬೆಂಚು ನನ್ನ ಭಾರಕ್ಕೆ ಕಿರ್ ಎಂದಿತು, ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಮಾಸ್ತರರು ಬರೆದದ್ದನ್ನೆಲ್ಲ ಅಳಿಸಿ, ಮೇಜಿನೊಳಗಿಂದ ಗಂಟು ಹಾಕಿದ ಹಗ್ಗವೊಂದನ್ನು ತೆಗೆದರು. ಮೂರು ಹುಡುಗರನ್ನು ಕರೆದು ಹಗ್ಗ ಹಿಡಿಸಿ, ಗಂಟು ಎಣಿಸಿಸಿ, ಲಂಬಕೋನ ತ್ರಿಭುಜ ಮಾಡಿ ತೋರಿಸಿದರು. ಎಷ್ಟು ಸೊಗಸಾದ ಪಾಠವೆಂದರೆ ನನ್ನಂಥ ದಡ್ಡಿಗೂ ತಿಳಿಯಿತು. ಇಂಥ ಮನುಷ್ಯನ ಮೇಲೆ ಅರ್ಜಿಯೇ ಎಂದು ಸಿಟ್ಟೂ ಬಂತು.

ಮುಂದಿನ ವಾರ ಹೋದೆ. ಅದೇ ಹಗ್ಗ. ಅದರ ಮುಂದಿನ ವಾರ ಎಂಟನೆಯ ತರಗತಿಗೆ ಹೋದೆ, ಅಲ್ಲಿಯೂ ಅದೇ ಹಗ್ಗ, ಅವೇ ಗಂಟು. ಮತ್ತೆ ಹತ್ತನೆಯದಕ್ಕೆ ಹೋದಾಗ ಮಾಸ್ತರರು ಮೇಜಿಗೆ ಕೈ ಹಾಕುವ ಮೊದಲೇ ಮೂವರು ಹುಡುಗರು ತಾವಾಗಿಯೇ ಎದ್ದು ಬಂದು ಮೂರು ಮೂಲೆಗೆ ನಿಂತರು. ಪಕ್ಕದ ಹುಡುಗಿ ನನ್ನ ಕಿವಿಯಲ್ಲಿ "ಇದು ತಪಾಸಣಿ ಪಾಠ ರೀ ಟೀಚರ್, ಯಾರರೆ ಬಂದ್ರ ಇದೇ" ಎಂದು ಪಿಸುಗುಟ್ಟಿದಳು. ನನಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡೆ.

ಪ್ರತಿ ಸಲ ಪಾಠ ಮುಗಿದ ಮೇಲೆ ಮಾಸ್ತರರು ನನ್ನ ಕೋಣೆಗೆ ಬಂದು ನಿಲ್ಲುತ್ತಿದ್ದರು. ನಾನು ಕಂಡದ್ದು ಹೇಳುತ್ತಿದ್ದೆ. "ಹಗ್ಗ ಹಿಡದ ಹುಡುಗ ಕಿಟಕಿ ಹೊರಗ ನೋಡಾಕತ್ತಿದ್ದ. ಗಂಟು ಎಣಿಸೂ ಮೊದಲೇ ಹುಡುಗ್ಯಾರು ಉತ್ತರ ಹೇಳಿದ್ರು."

"ಮತ್ತ?"

"ಅಷ್ಟರೀ."

"ಛಲೋ ಆಯ್ತೋ, ಇಲ್ಲೋ?"

"ಅದನ್ನ ಹೇಳ್ಲಾಕ ನಾ ಬಂದಿಲ್ರೀ ಸರ್."

ನನ್ನ ಪ್ರಕಾರ ಇದು ದೊಡ್ಡ ಔದಾರ್ಯ. ಅವರ ಪ್ರಕಾರ ಇದು ಕತ್ತಿ ಮಸೆಯುವ ಸದ್ದು. ಸ್ಟಾಫ್ ರೂಮಿನಲ್ಲಿ ಅವರು ಹೇಳಿದ ಮಾತನ್ನು ಖಾಜಾಮಿಯಾ ಚಹಾದ ಜೊತೆ ತಂದು ಮುಟ್ಟಿಸಿದ. "ಹಿಂದಿನ ಹೆಡ್‌ಮಾಸ್ತರ್ರು ಬೈತಿದ್ರು, ಬೈಸ್ಕೊಂಡು ಬಂದು ನೀರು ಕುಡದು ಮರೀತಿದ್ದೆ. ಈ ಬಾಯಿ ಬೈಯಂಗೂ ಇಲ್ಲ, ಹೊಗಳಂಗೂ ಇಲ್ಲ. ನನಗ ನಿದ್ದೀನೇ ಹತ್ತವಲ್ದು." ಕೇಳಿ ನನಗೆ ಅಯ್ಯೋ ಅನ್ನಿಸಿತು. ಹೊಗಳಿ ಸಮಾಧಾನ ಮಾಡಿಬಿಡಲೇ ಎಂದೂ ಅನ್ನಿಸಿತು. ಆದರೆ ಹೊಗಳಿದರೆ ಆ ಹಗ್ಗ ಎಂದೆಂದಿಗೂ ಮೇಜಿನೊಳಗೆ ಹೋಗುವುದಿಲ್ಲ ಎಂದು ಸುಮ್ಮನಾದೆ.

ಭಾದ್ರಪದದ ಮಳೆ ಆ ವರ್ಷ ಹಿಡಿದರೆ ಬಿಡದ ಮಳೆ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಹಳ್ಳಕ್ಕೆ ನೀರು ಬಂದು ಕಲಬುರ್ಗಿಯ ಬಸ್ಸುಗಳು ನಿಂತವು. ಮಾಸ್ತರರು ಮನೆಗೆ ಹೋಗಿ ಹೆಂಡತಿಯನ್ನು ನೋಡಿ, ನನಗೊಂದು ಛತ್ರಿ ಮತ್ತು ಎಲೆಯಲ್ಲಿ ಸುತ್ತಿದ ಬಾಳೆಹಣ್ಣು ಹಿಡಿದು ವಾಪಸ್ಸು ಬಂದರು. ಫರ್ಸಿ ಕಲ್ಲು ಹಾಸಿದ ವರಾಂಡದಲ್ಲಿ ಇಬ್ಬರೂ ಕುಳಿತೆವು. ಮಳೆ ನೋಡುತ್ತಿದ್ದ ಮಾಸ್ತರರು ತಟ್ಟನೆ ಕೈ ಮುಗಿದರು.

"ಬಾಯಾರ, ನೀವು ನನಗ ಏನರೆ ಬೈರಿ. ತಪ್ಪು ಹೇಳ್ರಿ. ಹಿಂಗ ಸುಮ್ಮ ಕೂಡಬ್ಯಾಡ್ರಿ."

"ತಪ್ಪು ಹಿಡೀಲಾಕ ನನಗ ಗಣಿತ ಬರಬೇಕಲ್ರೀ ಸರ್. ಹತ್ತನೇದಾಗ ಮೂವತ್ತೈದಕ್ಕ ಪಾಸಾದಾಕಿ ನಾನು. ಅದೂ ಮಾಸ್ತರ್ರು ದಯಾ ತೋರಿಸಿದ್ರು ಅಂತ ಕಾಣ್ತದ."

ಮಾಸ್ತರರು ನನ್ನನ್ನು ಪಿಳಿಪಿಳಿ ನೋಡಿದರು. "ಖರೇನೇ ಬರಂಗಿಲ್ಲ?"

"ಖರೇನೇ ಬರಂಗಿಲ್ಲ."

ಅವರ ಹೆಗಲು ಸಡಿಲವಾದದ್ದು ನನಗೆ ಕಂಡಿತು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಹೇಳಿದರು, "ಮಾತೃಕೆ ನನಗೂ ಬರಂಗಿಲ್ರೀ. ನಾ ಓದೋ ಕಾಲಕ್ಕ ಅದು ಇರಲಿಲ್ಲ. ಪುಸ್ತಕ ಬದಲಾದ ಮ್ಯಾಲ ನಾನೇ ಕೂತು ಕಲಿಯಾಕ ನೋಡ್ದೆ. ಕೂಡಸೋದು, ಕಳಿಯೋದು ಬರೋಬರಿ ಬರ್ತದ. ಗುಣಾಕಾರಕ್ಕ ಬಂದ್ರ ನನ್ನ ಉತ್ತರ ಒಂದು, ಪುಸ್ತಕದ ಹಿಂದಿನ ಉತ್ತರ ಇನ್ನೊಂದು. ಯಾರಿಗೆ ಕೇಳಲಿ? ಗಣಿತದ ಮಾಸ್ತರ ಗಣಿತ ಕೇಳ್ಲಾಕ ಹೋದ್ರ ನಗಂಗಿಲ್ಲೇನು? ಪುಸ್ತಕದಾಗ ತಪ್ಪು ಛಾಪ್ಯಾರ ಅಂತ ಹೇಳಿ ಬಿಟ್ಟುಬಿಟ್ಟೆ." ಟೋಪಿ ಮತ್ತೆ ತಲೆಗಿಟ್ಟು, "ನಾಳಿ ಬರ್ರಿ. ಅದನ್ನೇ ಕಲಸ್ತೀನಿ. ಇಬ್ಬರಿಗೂ ಬರಂಗಿಲ್ಲ ಅಂದ ಮ್ಯಾಲ ನಾಚಿಕಿ ಯಾತಕ್ಕ?" ಎಂದರು.

ಮರುದಿನ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮಾಸ್ತರರು ಹಗ್ಗ ತೆಗೆಯದಿರುವುದನ್ನು ಕಂಡು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರರು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಚೌಕಟ್ಟು ಬರೆದು, ಒಳಗೆ ಅಂಕಿಗಳನ್ನು ತುಂಬಿದರು. ಇವುಗಳ ಗುಣಾಕಾರ ಮಾಡೋಣ ಎಂದರು. ನನಗೆ ತಿಳಿಯುವಂಥದ್ದು ಏನೂ ಇರಲಿಲ್ಲವಾದ್ದರಿಂದ ಸುಮ್ಮನೆ ಅವರ ಬೆರಳನ್ನೇ ನೋಡುತ್ತ ಕೂತೆ. ಬೆರಳು ಚೌಕಟ್ಟಿನಿಂದ ಚೌಕಟ್ಟಿಗೆ ಓಡಾಡುತ್ತಿತ್ತು, ತುಟಿ ಎರಡು ಮೂರಲೆ ಆರು ಅನ್ನುವುದನ್ನು "ದೋ ತಿಯಾ ಛೇ" ಎಂದು ಗುಣುಗುಣಿಸುತ್ತಿತ್ತು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಮಗ್ಗಿ ಕಲಿತವರು ಅವರು. ಬಾಯಿಂದ ಕನ್ನಡ ಬಂದರೂ ಲೆಕ್ಕ ಮಾತ್ರ ಒಳಗೆ ಉರ್ದುವಿನಲ್ಲೇ ನಡೆಯುತ್ತಿತ್ತು. ಉತ್ತರ ಬರೆದು ಮುಗಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳುಕುತ್ತ ಎದ್ದಳು.

"ಸರ್, ಪುಸ್ತಕದ ಹಿಂದ ಬ್ಯಾರೇನೇ ಅದ ರೀ."

ಮಾಸ್ತರರು ಪುಸ್ತಕ ತಪ್ಪು ಎಂದು ಹೇಳಬಹುದಿತ್ತು, ಎಷ್ಟೋ ವರ್ಷ ಹೇಳಿದ್ದರು. ನನ್ನ ನಾಲಿಗೆ ತುದಿಯಲ್ಲಿ ಏನೇನೋ ಬಂದು ನಿಂತಿತ್ತು. ಪಾಪ ಎಂದು ಎದ್ದು ಹೋಗಿ ಗಂಟೆ ಹೊಡೆಸಿಬಿಡಲೇ ಅನ್ನಿಸಿತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೆ.

ಮಾಸ್ತರರು ಹಲಗೆ ನೋಡಿದರು, ಪುಸ್ತಕ ನೋಡಿದರು. ಕೊನೆಗೆ ಮಕ್ಕಳ ಕಡೆ ತಿರುಗಿ, "ನನಗ ತಿಳೀವಲ್ದವ್ವಾ" ಎಂದರು. ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಟೆ ತಾನಾಗಿಯೇ ಹೊಡೆಯಿತು.

ಅಂಗಳದ ಬೇವಿನ ಮರದ ಕೆಳಗೆ ಮಾಸ್ತರರು ನನ್ನ ಹಿಂದೆಯೇ ಬಂದು ನಿಂತರು. "ಏನು ಕಂಡ್ರಿ ಬಾಯಾರ?"

ನಾನು ಕಂಡದ್ದು ಹೇಳಿದೆ. "ಎರಡು ಚೌಕ ಬರದ್ರಿ. ಬಲಗಡಿ ಚೌಕದ ಮ್ಯಾಲ ಬೆರಳಿಟ್ಟು ಸುರು ಮಾಡಿದ್ರಿ, ಅಲ್ಲಿಂದ ಎಡಕ್ಕ ಬಂದ್ರಿ. ಪ್ರತಿ ಸಲಾನೂ ಹಂಗೇ. ನನ್ನ ಬಾಜೂಕಿನ ಹುಡುಗಿ ಪುಸ್ತಕ ನೋಡ್ಕೋತ ಎಡಗಡಿಂದ ಬೆರಳಿಟ್ಟು ಬಲಕ್ಕ ಹೋಗಾಕತ್ತಿದ್ಲು."

"ಯಾಕಡಿಂದ ಮಾಡಿದ್ರೇನ್ರೀ? ಮೂರು ನಾಕಲೆ ಹನ್ನೆರಡು, ನಾಕು ಮೂರಲೆ ಹನ್ನೆರಡು."

"ಇರಬಹುದ್ರೀ. ನನಗೇನು ಗೊತ್ತು? ಕಂಡದ್ದ ಹೇಳಿದೆ."

ಎರಡು ಹೆಜ್ಜೆ ಹೋದವರು ನಿಂತರು. ಬೇವಿನ ಕಡ್ಡಿಯೊಂದನ್ನು ಎತ್ತಿಕೊಂಡು ಕುಕ್ಕರಗಾಲಲ್ಲಿ ಕುಳಿತು ಹಸಿ ಮಣ್ಣಿನ ಮೇಲೆ ಅವೇ ಎರಡು ಚೌಕಟ್ಟು ಗೀಚಿದರು. ಈ ಸಲ ಎಡಗಡೆಯದರ ಅಡ್ಡಸಾಲಿನಿಂದ ಹಿಡಿದು ಬಲಗಡೆಯದರ ಕಂಬಸಾಲಿಗೆ ಗುಣಿಸಿದರು. ಬಂದ ಉತ್ತರವನ್ನು ಪುಸ್ತಕದ ಹಿಂದಿನ ಪುಟದ ಜೊತೆ ನೋಡಿದರು. ಇನ್ನೊಂದು ಲೆಕ್ಕ ಮಾಡಿದರು. ಮತ್ತೊಂದು. ಆಮೇಲೆ ಕಡ್ಡಿ ಕೈಯಿಂದ ಬಿತ್ತು.

"ಬಾಯಾರ," ಎಂದರು. "ಉರ್ದು ಬಲಗಡಿಂದ ಬರೀತಾರ್ರೀ. ನಮ್ಮ ಮೌಲ್ವಿ ಸಾಬರು ಬೆರಳು ಹಿಡದು ಕಲಿಸಿದ್ರು. ಬಾಕಿ ಗುಣಾಕಾರಕ್ಕ ಬಲ ಎಡ ನಡೀತದ. ಇದಕ್ಕ ನಡಿಯಂಗಿಲ್ಲ. ಇದರಾಗ ಹಿಂದಮುಂದ ಆದ್ರ ಉತ್ತರಾನೇ ಬ್ಯಾರೆ ಆಗ್ತದ. ಇಷ್ಟೇ ರೀ. ಇಷ್ಟೇ ಇತ್ತು."

ನಾನು ಹಿಗ್ಗಿ ಹೋದೆ. ಗಣಿತ ಬಲ್ಲವರು ಯಾರಾದರೂ ಆ ಬೆಂಚಿನಲ್ಲಿ ಕೂತಿದ್ದರೆ ಉತ್ತರ ತಪ್ಪು ಎಂದು ಹೇಳಿ ಎದ್ದುಬಿಡುತ್ತಿದ್ದರು, ಬೆರಳು ನೋಡುತ್ತಿರಲಿಲ್ಲ. ಇದನ್ನೇ ಹೇಳಿ ಅವರನ್ನು ನಗಿಸಬೇಕೆಂದು ಬಾಯಿ ತೆಗೆದೆ. ಅವರ ಕಣ್ಣು ತುಂಬಿದ್ದನ್ನು ಕಂಡು ಮುಚ್ಚಿದೆ. ಅದು ಸಂತೋಷದ ನೀರಾಗಿರಲಿಲ್ಲ.

"ಗುರುಬಸಪ್ಪನ ಮಗಳು ಸುವರ್ಣ ಒಮ್ಮೆ ಎದ್ದು ನಿಂತು ಕೇಳಿದ್ಲು ರೀ, ಈ ಪಾಠ ಯಾವಾಗ ಮಾಡ್ತೀರಿ ಸರ್ ಅಂತ. ಸುಮ್ಮ ಕೆಳಗ ಕೂಡು ಅಂದೆ. ಜೋರಲೇ ಅಂದೆ. ಆಮ್ಯಾಲ ಆಕಿ ಏನೂ ಕೇಳಲೇ ಇಲ್ಲ." ಮಣ್ಣಿನ ಮೇಲಿನ ಲೆಕ್ಕದ ಸುತ್ತ ಮಳೆನೀರು ಸೇರುತ್ತಿತ್ತು. ಅವರು ಎದ್ದು ಮನೆಯ ಕಡೆ ನಡೆದರು. ಹೆಂಡತಿಗೆ ಉಣಿಸುವ ಹೊತ್ತಾಗಿತ್ತು.

ದೀಪಾವಳಿಗೆ ಮುಂಚೆ ಕಲಬುರ್ಗಿಯ ಆಫೀಸಿನಲ್ಲಿ ಸಾಹೇಬರು ನನ್ನನ್ನು ಕರೆಸಿದರು. ನಾನು ಹಗ್ಗದಿಂದ ಹಿಡಿದು ಬೆರಳಿನ ತನಕ ಎಲ್ಲವನ್ನೂ ಕಂಡ ಹಾಗೆ ಹೇಳಿದೆ. ಅವರು ಗಡಿಯಾರ ನೋಡಿಕೊಂಡು "ಬಾಯಿಯವರೆ, ಕಥಿ ಬ್ಯಾಡ. ಮನುಷ್ಯಾ ಛಲೋನೋ, ಕೆಟ್ಟೋ?" ಎಂದರು. "ಒಂದು ತಾಸು ಬಂದು ಕೂಡ್ರಿ ಸಾಹೇಬ್ರ, ನಿಮಗೇ ಕಾಣ್ತದ" ಎಂದೆ. ಅಲ್ಲಿಗೆ ನನ್ನ ವ್ರತ ಸ್ವಲ್ಪ ಭಂಗವಾಗಿ ದನಿ ಏರಿತೆಂದು ಕಾಣುತ್ತದೆ. ಸಾಹೇಬರು ನಿಟ್ಟುಸಿರು ಬಿಟ್ಟು, "ಗುರುಬಸಪ್ಪನವರು ಅರ್ಜಿ ವಾಪಸ್ ತಗೊಂಡ್ರ ನನ್ನದೇನಿಲ್ಲ. ಇಲ್ಲಾಂದ್ರ ಶಾಲಿ ವರ್ಷ ಮುಗಿಯೂದ್ರೊಳಗ ಆರ್ಡರ್ ಬರ್ತದ" ಎಂದರು.

ಮಾಸ್ತರರಿಗೆ ಈ ಮಾತು ತಿಳಿಸಿದೆ. ಅವರು ಅದಾಗಲೇ ಗುರುಬಸಪ್ಪನವರ ತೋಟಕ್ಕೆ ಹೋಗಿ ಬಂದಿದ್ದರು. ಅರ್ಜಿಯ ಮಾತೆತ್ತದೆ, ಬೆರಳಿನ ವಿಷಯವನ್ನೂ, ಕೂಡು ಎಂದು ಸುವರ್ಣಳನ್ನು ಗದರಿಸಿ ಕೂರಿಸಿದ್ದನ್ನೂ ಹೇಳಿಕೊಂಡರಂತೆ. ಗುರುಬಸಪ್ಪನವರು ಗೊನೆ ಕಡಿಯುತ್ತಿದ್ದವರು ಕೈ ನಿಲ್ಲಿಸದೆ, "ಈಗ ಹೇಳಿ ಏನು ಉಪಯೋಗ ಮಾಸ್ತರ? ಆಕಿ ಪುಸ್ತಕ ಮುಟ್ಟವಲ್ಲಳು" ಎಂದು ಕಳಿಸಿಬಿಟ್ಟಿದ್ದರು.

ಆಮೇಲೆ ಮಾಸ್ತರರು ಭಾನುವಾರ ಶಾಲೆ ತೆರೆಯಲು ಅಪ್ಪಣೆ ಕೇಳಿದರು. ಹಿಂದಿನ ವರ್ಷಗಳಲ್ಲಿ ಗಣಿತದಲ್ಲಿ ನಪಾಸಾಗಿ ಉಳಿದ ಹುಡುಗ ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆದರು. ಕಿರಾಣಿ ಅಂಗಡಿಯಲ್ಲಿ ಕೂತವನೊಬ್ಬ, ಮದುವೆ ಗೊತ್ತಾದವಳೊಬ್ಬಳು, ಹೀಗೆ ನಾಲ್ಕಾರು ಮಂದಿ ಬಂದರು. ಸುವರ್ಣ ಬರಲಿಲ್ಲ. ತೊಗರಿ ಹೂವು ಬಿಟ್ಟು ಹೊಲವೆಲ್ಲ ಹಳದಿಯಾಯಿತು, ಕಾಯಿಯಾಯಿತು, ಕೊಯ್ಲೂ ಆಯಿತು. ಪ್ರತಿ ಭಾನುವಾರ ಮಾಸ್ತರರು ಪಾಠ ಶುರು ಮಾಡುವ ಮೊದಲು ಒಂದು ಸಲ ಗೇಟಿನ ಕಡೆ ನೋಡುತ್ತಿದ್ದರು. ನನಗೆ ಭಾನುವಾರ ರಜೆಯಿದ್ದರೂ ಎರಡು ಸಲ ಸುಳ್ಳು ನೆಪ ಹೇಳಿ ಮನೆಯಿಂದ ಹೊರಟು ಬಂದು ಬೆಂಚಿನ ಮೇಲೆ ಕೂತಿದ್ದೆ. ಮಾತೃಕೆ ನನಗೂ ಸ್ವಲ್ಪ ತಿಳಿಯತೊಡಗಿತ್ತು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ನಾನು ಮತ್ತೆ ಹೋದೆ. ಉಳಿದವರಾರೂ ಇನ್ನೂ ಬಂದಿರಲಿಲ್ಲ. ಗೇಟಿನಲ್ಲಿ ಫಟಫಟಿ ಸದ್ದಾಯಿತು. ಗುರುಬಸಪ್ಪನವರು ಮೋಟಾರ್ ಸೈಕಲ್ಲನ್ನು ಅಂಗಳದ ತನಕ ತಂದು ನಿಲ್ಲಿಸಿದರು. ಹಿಂದಿನಿಂದ ಸುವರ್ಣ ಇಳಿದಳು. ಕಪ್ಪಗೆ, ತೆಳ್ಳಗೆ, ನೆಲ ನೋಡುತ್ತಿದ್ದ ಹುಡುಗಿ. ಅಪ್ಪನೇ "ಉಳದವ್ರೆಲ್ಲಾ ಬರಾಕತ್ತಾರ, ನೀನೂ ಒಮ್ಮೆ ಕೂತು ನೋಡು" ಎಂದು ಕೈಹಿಡಿದು ತರಗತಿಯ ಬಾಗಿಲ ತನಕ ಕರೆದುಕೊಂಡು ಹೋದರು. ಮಾಸ್ತರರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಿದ್ದವರು ತಿರುಗಿ ನೋಡಿದರು.

"ಬಾ ಯವ್ವಾ," ಎಂದರು. "ನೀ ಕೇಳಿದ ಪಾಠ ಇವತ್ತ ಮಾಡೂಣು."

ನಾನು ಒಳಗೆ ಹೋಗಲಿಲ್ಲ. ಹಿಂದಿನ ಬೆಂಚು ಖಾಲಿಯೇ ಇತ್ತು, ಕಾಲು ಅತ್ತಲೇ ಎಳೆಯುತ್ತಿತ್ತು. ಆದರೆ ಅದು ಯಾರೂ ನೋಡಬಾರದ ಪಾಠ. ವರಾಂಡದ ಕಟ್ಟೆಯ ಮೇಲೆ ಕುಳಿತೆ. ಗುರುಬಸಪ್ಪನವರೂ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತರು. ಒಳಗಿನಿಂದ ಸೀಮೆಸುಣ್ಣದ ಸದ್ದು, ಮಾಸ್ತರರ ದನಿ.

"ಬಾಯಾರ," ಗುರುಬಸಪ್ಪನವರು ಮೆಲ್ಲಗೆ ಕೇಳಿದರು. "ಮಾಸ್ತರ ಛಲೋ ಕಲಸ್ತಾನೇನ್ರೀ?"

ಉತ್ತರ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಒಳಗಿನಿಂದ ಸುವರ್ಣಳ ದನಿ ಕೇಳಿಸಿತು. ಸಣ್ಣದಾಗಿ, ಆದರೆ ಸ್ಪಷ್ಟವಾಗಿ. "ತಿಳೀಲಿಲ್ರೀ ಸರ್."

"ತಿಳೀಲಿಲ್ಲೇನು? ಮತ್ತೊಮ್ಮೆ ಮಾಡೂಣು ತಗೋ."

ಹಲಗೆಯ ಮೇಲೆ ಸೀಮೆಸುಣ್ಣ ಓಡಿದ ಸದ್ದು. ಮತ್ತೆ ಅವಳೇ. "ಇನ್ನೂ ತಿಳೀಲಿಲ್ರೀ."

"ಮತ್ತೊಮ್ಮೆ."

ಗುರುಬಸಪ್ಪನವರ ಕಣ್ಣು ದೊಡ್ಡವಾದವು. "ಮಾತಾಡ್ಲಾಕತ್ತಾಳ್ರೀ," ಎಂದರು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, "ನಾಳಿ ಗಂಜಿಗೆ ಹೋಗೋದದ. ಹಂಗೇ ಸಾಹೇಬರ ಆಫೀಸಿಗೆ ಹೋಗಿ ಅರ್ಜಿ ವಾಪಸ್ ತಗೊಂಡು ಬರ್ತೀನ್ರೀ ಬಾಯಾರ" ಎಂದರು. ನಾನು ತಲೆಯಾಡಿಸಿದೆ.

ಅವರು ಅಂಗಳಕ್ಕಿಳಿದು ಫಟಫಟಿಯ ಹತ್ತಿರ ಹೋದರು. ಕಿಕ್ ಹೊಡೆಯಲು ಕಾಲೆತ್ತಿದವರು ತರಗತಿಯ ಬಾಗಿಲ ಕಡೆ ಒಮ್ಮೆ ನೋಡಿ ಕಾಲು ಇಳಿಸಿದರು. ಆ ಭಾರದ ಗಾಡಿಯನ್ನು ಚಾಲೂ ಮಾಡದೆ ಎರಡೂ ಕೈಯಿಂದ ನೂಕುತ್ತ, ಗೇಟು ದಾಟಿ, ರಸ್ತೆಯ ತಿರುವಿನ ತನಕ ನಡೆದೇ ಹೋದರು.